ಡ್ರೆಸ್ಸೇಜ್ ಶೋಗೆ ಕುದುರೆ ಒಯ್ಯುವ ಮುಂಚೆ: ಕಲಬುರಗಿ, ಬೀದರ, ಯಾದಗಿರಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಈ ಮೂರು ಜಿಲ್ಲೆಗಳಲ್ಲಿ ಕುದುರೆ ಸಾಕಿದವರಿಗೆ, ಸವಾರಿ ಕಲಿಯುವ ಮಕ್ಕಳ ತಂದೆ-ತಾಯಿಗೆ, ಹೈದರಾಬಾದ್, ಪುಣೆ, ಬೆಂಗಳೂರಿನ ಶೋಗಳಿಗೆ ಮೊದಲ ಸಲ ಹೊರಟವರಿಗೆ ಈ ಉತ್ತರಗಳು. ಕುದುರೆ ಸವಾರಿ ಕ್ರೀಡೆಯ ಅಂತರರಾಷ್ಟ್ರೀಯ ಸಂಸ್ಥೆಯ ಹೆಸರು ಎಫ್‌ಇಐ, ನಮ್ಮ ದೇಶದ ಸಂಸ್ಥೆಯ ಹೆಸರು ಇಎಫ್‌ಐ. ಅಕ್ಷರ ತಿರುವುಮುರುವಾದಂತೆ ಕೇಳಿಸುತ್ತದೆ, ಆದರೆ ಎರಡೂ ಬೇರೆ. ಇಲ್ಲಿ ಹೇಳಿದ್ದಕ್ಕಿಂತ ನೀವು ಹೋಗುವ ಶೋದ ಪ್ರಾಸ್ಪೆಕ್ಟಸ್‌ನಲ್ಲಿ (ನಿಯಮ-ವಿವರಗಳ ಪುಸ್ತಿಕೆಯಲ್ಲಿ) ಬೇರೆ ಬರೆದಿದ್ದರೆ ಅದೇ ನಡೆಯುವುದು.

ಡ್ರೆಸ್ಸೇಜ್ ಅಂದ್ರೆ ಕುದುರಿ ಕುಣಿಸೋದೇನು?

ಅಲ್ಲ. ಮದುವೆ ಮೆರವಣಿಗೆಯಲ್ಲಿ ಹಲಗೆ ಸದ್ದಿಗೆ ಮುಂಗಾಲು ಎತ್ತೆತ್ತಿ ಹಾಕುವ ಕುದುರೆಗೂ ಇದಕ್ಕೂ ಸಂಬಂಧ ಕಡಿಮೆ. ಇಲ್ಲಿ ಅಳತೆ ಮಾಡಿದ ಅಂಗಳ ಇರುತ್ತದೆ, ಅದರ ಸುತ್ತ ಇಂಗ್ಲಿಷ್ ಅಕ್ಷರಗಳಿರುತ್ತವೆ, ಮೊದಲೇ ಅಚ್ಚಾದ ಒಂದು ಟೆಸ್ಟ್ ಇರುತ್ತದೆ. ಯಾವ ಅಕ್ಷರದ ಹತ್ತಿರ ನಡಿಗೆ ಬದಲಿಸಬೇಕು, ಎಲ್ಲಿ ಸುತ್ತು ಹಾಕಬೇಕು, ಎಲ್ಲಿ ನಿಲ್ಲಬೇಕು ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. ಆ ವರ್ಗದ ಎಲ್ಲರೂ ಅದನ್ನೇ ಮಾಡುತ್ತಾರೆ. ಹೇಳಿದ ಜಾಗದಲ್ಲಿ ಹೇಳಿದ್ದನ್ನು ಎಷ್ಟು ಚೊಕ್ಕವಾಗಿ, ಕುದುರೆಯ ಮೇಲೆ ಜುಲುಮೆ ಕಾಣದಂತೆ ಮಾಡಿದಿರಿ ಎಂಬುದಕ್ಕೆ ಅಂಕ. ಆರಂಭದ ಹಂತದ ಟೆಸ್ಟ್ ನಾಲ್ಕೈದು ನಿಮಿಷದಲ್ಲಿ ಮುಗಿದುಹೋಗುತ್ತದೆ.

ನಮ್ಮ ದೇಶದವರು ಇದರಾಗ ಏನರ ಗೆದ್ದಾರೇನು?

ಗೆದ್ದಿದ್ದಾರೆ. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 2023ರ ಸೆಪ್ಟೆಂಬರ್ 26ರಂದು ಸುದೀಪ್ತಿ ಹಜೇಲಾ, ದಿವ್ಯಕೃತಿ ಸಿಂಗ್, ಹೃದಯ್ ಛೇಡಾ, ಅನುಷ್ ಅಗರ್ವಾಲಾ ಅವರ ತಂಡ ಡ್ರೆಸ್ಸೇಜ್ ಚಿನ್ನ ತಂದಿತು. 1982ರ ದೆಹಲಿ ಕ್ರೀಡಾಕೂಟದ ನಂತರ ಕುದುರೆ ಸವಾರಿಯಲ್ಲಿ ದೇಶಕ್ಕೆ ಬಂದ ಮೊದಲ ಚಿನ್ನ ಅದು. ಅನುಷ್ ವೈಯಕ್ತಿಕ ಕಂಚನ್ನೂ ಗೆದ್ದರು, 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನ ಡ್ರೆಸ್ಸೇಜ್‌ಗೂ ಹೋದರು. ಬೆಂಗಳೂರಿನ ಫವಾದ್ ಮಿರ್ಜಾ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದ್ದು ಈವೆಂಟಿಂಗ್‌ನಲ್ಲಿ, ಅಂದರೆ ಡ್ರೆಸ್ಸೇಜ್, ಕ್ರಾಸ್-ಕಂಟ್ರಿ, ಜಂಪಿಂಗ್ ಮೂರೂ ಸೇರಿದ ಸ್ಪರ್ಧೆಯಲ್ಲಿ. ಅದರ ಮೊದಲ ಹಂತವೂ ಡ್ರೆಸ್ಸೇಜೇ.

ನಮ್ಮ ಹತ್ರ ಇರೋದು ಜಾತ್ರಿಯಾಗ ತಂದ ಕುದುರಿ. ಅದು ನಡೀತದೇನು?

ತಳಿ ಯಾವುದಾದರೂ ಸ್ಪರ್ಧೆಗೆ ಅಡ್ಡಿಯಿಲ್ಲ. ಮಾರವಾಡಿ, ಕಾಠಿಯಾವಾಡಿ, ರೇಸಿನಿಂದ ಬಿಟ್ಟ ಥರೋಬ್ರೆಡ್, ಭೀಮಾ ದಂಡೆಯ ಹೆಸರು ಹೊತ್ತ ಭೀಮಥಡಿ ತಟ್ಟು, ಯಾವುದನ್ನಾದರೂ ಆರಂಭದ ವರ್ಗಕ್ಕೆ ಇಳಿಸಬಹುದು. ಕುದುರೆ ವ್ಯಾಪಾರ ಈ ಭಾಗಕ್ಕೆ ಹೊಸದೇನಲ್ಲ. ಹದಿನೈದನೇ ಶತಮಾನದಲ್ಲಿ ರಷ್ಯಾದಿಂದ ಬೀದರಕ್ಕೆ ಬಂದ ಅಫನಾಸಿ ನಿಕಿಟಿನ್, ಆಳಂದದ ಸಂತೆಯಲ್ಲಿ ಇಪ್ಪತ್ತು ಸಾವಿರದವರೆಗೆ ಕುದುರೆ ಮಾರಾಟವಾಗುತ್ತವೆ ಎಂದು ಬರೆದಿದ್ದ. ಈಗ ಬೀದರ ಕಡೆಯವರು ಗಡಿ ದಾಟಿ ನಾಂದೇಡ ಜಿಲ್ಲೆಯ ಮಾಳೇಗಾಂವ ಖಂಡೋಬಾ ಜಾತ್ರೆಗೆ ಹೋಗುತ್ತಾರೆ.

ತೊಂದರೆ ಇರುವುದು ತಳಿಯಲ್ಲಲ್ಲ, ಚಾಲಿನಲ್ಲಿ. ಜಾತ್ರೆಯಲ್ಲಿ ಹೆಚ್ಚು ರೊಕ್ಕ ಬೀಳುವುದು ರೇವಾಲ್ ಚಾಲಿಗೆ. ಕೂತವನ ಕೈಯಲ್ಲಿನ ಹಾಲಿನ ತಂಬಿಗೆ ತುಳುಕಬಾರದು ಎನ್ನುತ್ತಾರಲ್ಲ, ಅದು. ಆ ನಡಿಗೆಯಲ್ಲಿ ಒಂದೇ ಪಕ್ಕದ ಮುಂಗಾಲು-ಹಿಂಗಾಲು ಹೆಚ್ಚುಕಡಿಮೆ ಜೊತೆಯಾಗಿ ಹೋಗುತ್ತವೆ. ಡ್ರೆಸ್ಸೇಜ್‌ನ ಟ್ರಾಟ್, ಅಂದರೆ ದುಲ್ಕಿ, ಇದಕ್ಕೆ ಉಲ್ಟಾ: ಎಡ ಮುಂಗಾಲಿನ ಜೊತೆ ಬಲ ಹಿಂಗಾಲು, ಬಲ ಮುಂಗಾಲಿನ ಜೊತೆ ಎಡ ಹಿಂಗಾಲು ನೆಲ ಮುಟ್ಟಬೇಕು, ನಡುವೆ ಕ್ಷಣಕಾಲ ನಾಲ್ಕೂ ಕಾಲು ಗಾಳಿಯಲ್ಲಿರಬೇಕು. ವಾಕ್‌ಗೆ, ಅಂದರೆ ಸಾದಾ ನಡಿಗೆಗೆ ನಾಲ್ಕು ತಾಳ, ಟ್ರಾಟ್‌ಗೆ ಎರಡು, ಕ್ಯಾಂಟರ್‌ಗೆ, ಅಂದರೆ ಮೆಲ್ಲನೆಯ ನಾಗಾಲೋಟಕ್ಕೆ ಮೂರು. ತಾಳ ತಪ್ಪಿದರೆ ಉಳಿದದ್ದೆಲ್ಲ ಎಷ್ಟು ಚೆಂದ ಇದ್ದರೂ ಅಂಕ ಮೇಲೇರುವುದಿಲ್ಲ.

ಮನೆಯಲ್ಲೇ ಪರೀಕ್ಷಿಸುವುದು ಸುಲಭ. ಗಟ್ಟಿ ಮುರುಮಿನ ದಾರಿಯಲ್ಲಿ ಯಾರಾದರೂ ಕುದುರೆ ಹಿಡಿದು ಓಡಲಿ, ನೀವು ಕಣ್ಣು ಮುಚ್ಚಿ ಕೇಳಿ. ಟಕ್, ಟಕ್ ಎಂದು ಎರಡೇ ಸದ್ದು ಬಂದರೆ ಟ್ರಾಟ್. ಟಕಟಕ, ಟಕಟಕ ಎಂದು ಬಿಡಿಬಿಡಿಯಾಗಿ ಬಂದರೆ ರೇವಾಲ್ ಬೆರೆತಿದೆ. ಅನುಮಾನವಿದ್ದರೆ ಪಕ್ಕದಿಂದ ಮೊಬೈಲಿನ ಸ್ಲೋ ಮೋಷನ್‌ನಲ್ಲಿ ವಿಡಿಯೊ ತೆಗೆಯಿರಿ.

ಬೆನ್ನು ಬಿಗಿಹಿಡಿದ ಕುದುರೆ ಬೇಗ ರೇವಾಲ್‌ಗೆ ಜಾರುತ್ತದೆ. ಆದ್ದರಿಂದ ಲಗಾಮು ಜಗ್ಗಿ ತಲೆ ಎತ್ತಿಸುವುದನ್ನು ಮೊದಲು ಬಿಡಬೇಕು. ನೆಲದ ಮೇಲೆ ಬಿದಿರಿನ ಗಳ ಇಟ್ಟು ಅದರ ಮೇಲೆ ಟ್ರಾಟ್ ಮಾಡಿಸುವುದು ಒಳ್ಳೆಯ ಉಪಾಯ. ದೊಡ್ಡ ಕುದುರೆಗೆ ಗಳಗಳ ನಡುವೆ 1.2ರಿಂದ 1.3 ಮೀಟರು, ತಟ್ಟಿಗೆ ಒಂದು ಗೇಣು ಕಡಿಮೆ. ಗಳ ಉರುಳದಂತೆ ಎರಡೂ ಕಡೆ ಮರಳಿನ ಚೀಲ ಒತ್ತಿಡಿ, ಉರುಳುವ ಗಳದ ಮೇಲೆ ಕಾಲಿಟ್ಟರೆ ಉಳುಕುತ್ತದೆ. ವಾರಕ್ಕೆ ಮೂರು ದಿನ, ದಿನಕ್ಕೆ ಹತ್ತು-ಹದಿನೈದು ನಿಮಿಷ ಸಾಕು. ತಿಂಗಳುಗಟ್ಟಲೆ ಹಿಡಿಯುವ ಕೆಲಸ ಇದು. ಮೂರು ತಿಂಗಳು ಕಳೆದರೂ ಚಾಲು ಬದಲಾಗದಿದ್ದರೆ ಆ ಕುದುರೆಯನ್ನು ಅದಕ್ಕೆ ಬರುವ ಕೆಲಸಕ್ಕೇ ಇಟ್ಟುಕೊಳ್ಳುವುದು ಲೇಸು.

ಅಂಗಳ ನಮ್ಮ ಹೊಲದಾಗ ಹ್ಯಾಂಗ ಹಾಕೋದು? ಎಷ್ಟು ಜಾಗ ಬೇಕು?

ಎರಡು ಅಳತೆಗಳಿವೆ: 20×40 ಮೀಟರು ಮತ್ತು 20×60 ಮೀಟರು. ಚಿಕ್ಕದಕ್ಕೆ ಸುಮಾರು 8 ಗುಂಟೆ, ದೊಡ್ಡದಕ್ಕೆ ಸುಮಾರು 12 ಗುಂಟೆ. ಹೊರಗೆ ತಿರುಗಾಡಲು ಸುತ್ತ ಎರಡು-ಮೂರು ಮೀಟರು ಬೇರೆ ಬಿಡಿ. ಮೂಲೆ ಕಾಟಕೋನಕ್ಕೆ ಬಂದಿದೆಯೇ ಎಂದು ನೋಡಲು ಕರ್ಣ ಅಳೆಯಿರಿ. ಚಿಕ್ಕ ಅಂಗಳದಲ್ಲಿ 44.72 ಮೀಟರು, ದೊಡ್ಡದರಲ್ಲಿ 63.25 ಮೀಟರು ಬರಬೇಕು, ಎರಡೂ ಕರ್ಣ ಒಂದೇ ಇರಬೇಕು. ಹೆಜ್ಜೆ ಲೆಕ್ಕದಲ್ಲಿ ಗೂಟ ಹೊಡೆದ ಅಂಗಳದಲ್ಲಿ ಅಭ್ಯಾಸ ಮಾಡಿದ ಕುದುರೆ ಶೋದಲ್ಲಿ ಮೂಲೆ ಕತ್ತರಿಸುವುದು ಈ ಕಾರಣಕ್ಕೇ.

ಉದ್ದದ ಬದಿಯಲ್ಲಿ ಮೊದಲ ಅಕ್ಷರ ಮೂಲೆಯಿಂದ 6 ಮೀಟರಿಗೆ. ಅಲ್ಲಿಂದ ಮುಂದೆ ದೊಡ್ಡ ಅಂಗಳದಲ್ಲಿ ಪ್ರತಿ 12 ಮೀಟರಿಗೆ, ಚಿಕ್ಕದರಲ್ಲಿ ಪ್ರತಿ 14 ಮೀಟರಿಗೆ ಒಂದು. ಅಕ್ಷರದ ಫಲಕವನ್ನು ಗಡಿಯಿಂದ ಅರ್ಧ ಮೀಟರು ಹೊರಗೆ ಇಡಿ. ಖಾಲಿ ಎಣ್ಣೆ ಡಬ್ಬಿಗೆ ಬಿಳಿ ಬಣ್ಣ ಬಳಿದು ಕರಿ ಅಕ್ಷರ ಬರೆದರೂ ಆಯಿತು. ಗಡಿಗೆ ಇಟ್ಟಿಗೆ, ಕಲ್ಲು ಬೇಡ. ಸುಣ್ಣದ ಗೆರೆ ಎಳೆದು ಅಲ್ಲಲ್ಲಿ ಪ್ಲಾಸ್ಟಿಕ್ ಪೈಪ್ ಮಲಗಿಸಿ.

ನೆಲದ ಮಾತು ಬೇರೆ. ಕಲಬುರಗಿ, ಯಾದಗಿರಿ ಕಡೆ ಎರೆ ಭೂಮಿ. ಬೇಸಿಗೆಯಲ್ಲಿ ಅಂಗೈ ಇಳಿಯುವಷ್ಟು ಬಿರಿಯುತ್ತದೆ, ಮಳೆಗಾಲದಲ್ಲಿ ಗೊರಸಿಗೆ ಹಿಡಿದು ನಾಲನ್ನೇ ಕಿತ್ತಿಡುತ್ತದೆ. ಅದರ ಮೇಲೆ ನೇರವಾಗಿ ಮರಳು ಸುರಿದರೆ ಒಂದೇ ಮಳೆಗಾಲಕ್ಕೆ ಮರಳು ಮಣ್ಣಿನೊಳಗೆ ಹೋಗಿರುತ್ತದೆ, ದುಡ್ಡೂ ಅದರ ಹಿಂದೆ. ಒಂದು ಅಡಿ ಎರೆ ತೆಗೆಸಿ, ಅರ್ಧರ್ಧ ಅಡಿಯ ಎರಡು ಪದರ ಮುರುಮ್ ಹಾಕಿಸಿ, ನೀರು ಹೊಡೆದು ರೋಲರ್ ತಿರುಗಿಸಿ. 20 ಮೀಟರಿನ ಅಗಲಕ್ಕೆ 20 ಸೆಂಟಿಮೀಟರು ಇಳಿಜಾರು ಕೊಟ್ಟರೆ ನೀರು ನಿಲ್ಲುವುದಿಲ್ಲ. ಅದರ ಮೇಲೆ 6 ಸೆಂಟಿಮೀಟರು ಮರಳು: ದೊಡ್ಡ ಅಂಗಳಕ್ಕೆ ಸುಮಾರು 25 ಬ್ರಾಸ್ (ಒಂದು ಬ್ರಾಸ್ ಅಂದರೆ 100 ಘನ ಅಡಿ), ಚಿಕ್ಕದಕ್ಕೆ 17. ಹೊಳೆಯ ಮರಳು ದುಂಡಗಿದ್ದು ಕಾಲಡಿ ಜಾರುತ್ತದೆ. ಎಂ-ಸ್ಯಾಂಡ್ ಕೋನಕೋನವಾಗಿರುವುದರಿಂದ ಹಿಡಿದುಕೊಳ್ಳುತ್ತದೆ, ಆದರೆ ಧೂಳು ಏಳದಂತೆ ನೀರು ಹೊಡೆಯುತ್ತಿರಬೇಕು. ಮರಳು ಹೆಚ್ಚಾದಷ್ಟು ಮೆತ್ತಗೆ, ಒಳ್ಳೆಯದು ಎಂದುಕೊಂಡು ಹತ್ತು ಸೆಂಟಿಮೀಟರಿನ ಮೇಲೆ ಹಾಕಿಸುವವರಿದ್ದಾರೆ. ಕುದುರೆಯ ಕಾಲ ಹಿಂದಿನ ನರ ಊದುವುದು ಅಂಥ ಕಡೆಯೇ. ಬೀದರದ ಕೆಂಪು ನೆಲಕ್ಕೆ ಇಷ್ಟು ಕಷ್ಟವಿಲ್ಲ. ಕಲ್ಲು ಆರಿಸಿ, ಸಮ ಮಾಡಿ, ಮರಳು ಹಾಕಿದರೆ ನಡೆಯುತ್ತದೆ. ಎರಡು ದಿನಕ್ಕೊಮ್ಮೆ ಕುಂಟೆ ಹೊಡೆದು ಅಂಚಿಗೆ ಸರಿದ ಮರಳನ್ನು ಒಳಗೆ ಎಳೆಯಿರಿ.

ಇಷ್ಟು ಖರ್ಚು ಆಗದಿದ್ದರೆ ಶಾಲೆಯ ಮೈದಾನದಲ್ಲಿ ಸುಣ್ಣದ ಗೆರೆ ಸಾಕು. ಜೋಳ ಕೊಯ್ದ ಹೊಲ ಮಾತ್ರ ಬೇಡವೇ ಬೇಡ. ಕೂಳೆ ಗೊರಸಿನ ಅಂಗಾಲಿಗೆ ಚುಚ್ಚಿ ಕೀವಾದರೆ ತಿಂಗಳು ಹೋಯಿತು.

ಅಕ್ಷರ ನೆನಪೇ ಉಳಿಯೋದಿಲ್ಲ. ಏನು ಮಾಡೋದು?

ಚಿಕ್ಕ ಅಂಗಳದಲ್ಲಿ ಎ-ಯಿಂದ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಹೊರಟರೆ ಎ, ಕೆ, ಇ, ಎಚ್, ಸಿ, ಎಂ, ಬಿ, ಎಫ್. ನಮ್ಮ ಊರುಗಳ ಹೆಸರಿನಲ್ಲೇ ಹಿಡಿಯಿರಿ: ಆಳಂದ, ಕಮಲಾಪುರ, ಏಕಂಬಾ, ಹುಮನಾಬಾದ್, ಚಿಂಚೋಳಿ, ಮಳಖೇಡ, ಬೀದರ, ಫರಹತಾಬಾದ್. ದೊಡ್ಡ ಅಂಗಳದಲ್ಲಿ ಇನ್ನೂ ನಾಲ್ಕು ಸೇರುತ್ತವೆ: ಕಮಲಾಪುರದ ನಂತರ ವಾಡಿ (ವಿ), ಏಕಂಬಾದ ನಂತರ ಸೇಡಂ (ಎಸ್), ಮಳಖೇಡದ ನಂತರ ರಾಜೇಶ್ವರ (ಆರ್), ಬೀದರದ ನಂತರ ಪೋಲಕಪಳ್ಳಿ (ಪಿ). ನಡುಗೆರೆಯ ಮೇಲೆ ಎ ಕಡೆಯಿಂದ ಡಿ, ಎಲ್, ಎಕ್ಸ್, ಐ, ಜಿ. ಚಿಕ್ಕದರಲ್ಲಿ ಎಲ್ ಮತ್ತು ಐ ಇಲ್ಲ. ಬಸ್ಸಿನ ದಾರಿಗೂ ಈ ಸಾಲಿಗೂ ತಾಳೆ ಹಾಕಬೇಡಿ, ತಲೆ ಕೆಡುತ್ತದೆ.

ಟೆಸ್ಟನ್ನು ಅಂಗಳದಲ್ಲಿ ನಡೆದು ಕಲಿಯಿರಿ. ಕುದುರೆಯ ಮೇಲೆ ಪೂರ್ತಿ ಟೆಸ್ಟನ್ನು ದಿನವೂ ಓಡಿಸಿದರೆ ನಿಮಗಿಂತ ಮೊದಲು ಅದಕ್ಕೇ ಬಾಯಿಪಾಠವಾಗಿ, ಹೇಳುವ ಮುಂಚೆಯೇ ಕ್ಯಾಂಟರ್‌ಗೆ ಎದ್ದುಬಿಡುತ್ತದೆ. ಬಿಡಿಬಿಡಿ ತುಂಡುಗಳನ್ನು ಅದಲು ಬದಲು ಮಾಡಿ ಮಾಡಿಸಿ.

ಕೆಳ ಹಂತದ ವರ್ಗಗಳಲ್ಲಿ ಹೊರಗೆ ನಿಂತು ಟೆಸ್ಟ್ ಓದಿ ಹೇಳುವವರನ್ನು ಇಟ್ಟುಕೊಳ್ಳಲು ಸಾಮಾನ್ಯವಾಗಿ ಅವಕಾಶವಿರುತ್ತದೆ. ಅವರು ಒಂದು ಚಲನೆ ಮುಂದೆ ಓದಬೇಕು, ಬರೆದದ್ದನ್ನಷ್ಟೇ ಓದಬೇಕು. "ಸಾವಕಾಶ, ಕೈ ಸಡಿಲ ಬಿಡು" ಎಂದು ಒಂದು ಮಾತು ಸೇರಿದರೂ ಅದು ಹೊರಗಿನ ಸಹಾಯವಾಗಿ ನೀವು ಸ್ಪರ್ಧೆಯಿಂದಲೇ ಹೊರಬೀಳಬಹುದು. ಗಾಳಿಯಲ್ಲಿ ಬಿ, ಡಿ, ಇ, ಜಿ, ಪಿ, ವಿ ಎಲ್ಲ ಒಂದೇ ಥರ ಕೇಳಿಸುತ್ತವೆ. ಆದ್ದರಿಂದ ಓದುವವರಿದ್ದರೂ ನಿಮಗೆ ಟೆಸ್ಟ್ ಬಾಯಿಗೆ ಬರುತ್ತಿರಬೇಕು.

ಅಂಕ ಹ್ಯಾಂಗ ಹಾಕ್ತಾರ?

ಪ್ರತಿ ಚಲನೆಗೆ 0ಯಿಂದ 10. ಅರ್ಧ ಅಂಕವೂ ಉಂಟು. 10 ಅತ್ಯುತ್ತಮ, 8 ಒಳ್ಳೆಯದು, 6 ತೃಪ್ತಿಕರ, 5 ನಡೆಯುತ್ತದೆ, 4 ಸಾಲದು, 0 ಅಂದರೆ ಮಾಡಲೇ ಇಲ್ಲ. ಕೆಲವು ಚಲನೆಗಳ ಅಂಕವನ್ನು ಎರಡರಿಂದ ಗುಣಿಸುತ್ತಾರೆ. ಎಲ್ಲ ಕೂಡಿಸಿ ಶೇಕಡಾ ತೆಗೆಯುತ್ತಾರೆ. ಉದಾಹರಣೆಗೆ 220ಕ್ಕೆ 132 ಬಂದರೆ ಶೇ 60. ಮೊದಲ ಶೋದಲ್ಲಿ ಶೇ 60 ಮುಟ್ಟಿದರೆ ಕುದುರೆ ಸರಿ ದಾರಿಯಲ್ಲಿದೆ ಎಂದೇ ತಿಳಿಯಿರಿ.

ದಾರಿ ತಪ್ಪಿದರೆ ಜಡ್ಜ್ ಗಂಟೆ ಬಾರಿಸುತ್ತಾರೆ. ನಿಂತು, ಅವರು ಹೇಳಿದ ಜಾಗದಿಂದ ಮುಂದುವರಿಸಿ. ರೂಢಿಯಲ್ಲಿ ಮೊದಲ ತಪ್ಪಿಗೆ 2 ಅಂಕ, ಎರಡನೆಯದಕ್ಕೆ 4, ಮೂರನೆಯದಕ್ಕೆ ಹೊರಗೆ. ದೊಡ್ಡವರ ಮೇಲಿನ ವರ್ಗಗಳಲ್ಲಿ ಇದಕ್ಕಿಂತ ಬಿಗಿ. ಮೇಲಿನ ಲೆಕ್ಕದಲ್ಲಿ ಒಂದು ತಪ್ಪಿಗೆ 130, ಅಂದರೆ ಶೇ 59.09. ಒಂದು ಸಲ ದಾರಿ ತಪ್ಪಿದ್ದಕ್ಕೆ ಹೆಚ್ಚೇನೂ ಹೋಗುವುದಿಲ್ಲ. ಆ ಗಾಬರಿಯಲ್ಲಿ ಮುಂದಿನ ನಾಲ್ಕು ಚಲನೆ ಕೆಡುತ್ತವಲ್ಲ, ನಷ್ಟ ಅಲ್ಲಿ.

ಪುಗಸಟ್ಟೆ ಅಂಕ ಎಲ್ಲಿ ಹೋಗ್ತಾವ?

ಹೆಚ್ಚಾಗಿ ನಾಲ್ಕು ಕಡೆ. ಇವುಗಳಿಗೆ ದುಬಾರಿ ಕುದುರೆ ಬೇಕಿಲ್ಲ, ಟೇಪು ಮತ್ತು ತಾಳ್ಮೆ ಸಾಕು.

ಮೊದಲನೆಯದು ಒಳಬರುವ ಗೆರೆ. ಗಂಟೆ ಬಾರಿಸಿದ 45 ಸೆಕೆಂಡಿನೊಳಗೆ ಎ-ಯಿಂದ ಒಳಗೆ ಬರಬೇಕು. ಹೊಸಬರು ಜಾಗರೂಕತೆಯಿಂದ ಮೆಲ್ಲಗೆ ಬರುತ್ತಾರೆ. ನಿಧಾನವಾದ ಸೈಕಲ್ಲು ಓಲಾಡುವ ಹಾಗೆ ಕುದುರೆಯೂ ಓಲಾಡುತ್ತದೆ. ಸ್ವಲ್ಪ ಮುಂದೊತ್ತಿ, ಕಣ್ಣು ಸಿ ಮೇಲಿಟ್ಟು ಬನ್ನಿ. ನಿಲ್ಲಬೇಕಾದ್ದು ಎಕ್ಸ್‌ನಲ್ಲಾದರೆ ಸವಾರನ ಮೈ ಎಕ್ಸ್ ಮೇಲೆ ಬರಬೇಕು, ಕುದುರೆಯ ಮೂಗಲ್ಲ. ಮೂರು-ನಾಲ್ಕು ಹೆಜ್ಜೆ ಮುಂಚಿನಿಂದ ಬೆನ್ನು ನೆಟ್ಟಗೆ ಮಾಡಿ, ಎರಡೂ ಕಾಲು ಹೊಟ್ಟೆಗೆ ಮುಟ್ಟಿಸಿಕೊಂಡು, ಬೆರಳನ್ನಷ್ಟೇ ಮುಚ್ಚಿ ಬಿಡಿ. ಬರೀ ಲಗಾಮಿನಿಂದ ನಿಲ್ಲಿಸಿದರೆ ಮುಂಗಾಲು ನಿಲ್ಲುತ್ತವೆ, ಹಿಂಗಾಲೊಂದು ಹಿಂದೆಯೇ ಉಳಿಯುತ್ತದೆ, ಇಲ್ಲವೇ ಹಿಂಭಾಗ ಪಕ್ಕಕ್ಕೆ ತಿರುಗುತ್ತದೆ. ನಿಂತ ಮೇಲೆ ಒಂದು, ಎರಡು, ಮೂರು ಎಣಿಸಿ. ಲಗಾಮು ಎಡಗೈಗೆ ಕೊಟ್ಟು, ಬಲಗೈ ಪಕ್ಕಕ್ಕೆ ಇಳಿಬಿಟ್ಟು, ತಲೆ ಬಾಗಿಸಿ ವಂದಿಸಿ. ಎರಡೂ ಕೈಗೆ ಲಗಾಮು ಬಂದ ಮೇಲೆಯೇ ಹೊರಡಬೇಕು. ಅವಸರದಲ್ಲಿ ಒಂದೇ ಕೈಯಲ್ಲಿ ಹೊರಟವರ ಮುಂದಿನ ಹತ್ತು ಮೀಟರು ಸೊಟ್ಟಗೆ.

ಎರಡನೆಯದು 20 ಮೀಟರಿನ ಸುತ್ತು. ಎ-ಯಲ್ಲಿ ಹಾಕುವ ಸುತ್ತು ಉದ್ದದ ಬದಿಯನ್ನು ಮೂಲೆಯಿಂದ 10 ಮೀಟರಿಗೆ, ಅಂದರೆ ಕೆ ಅಥವಾ ಎಫ್ ದಾಟಿ 4 ಮೀಟರಿಗೆ ಮುಟ್ಟುತ್ತದೆ. ಚಿಕ್ಕ ಅಂಗಳದಲ್ಲಿ ನಡುಗೆರೆಯನ್ನು ಎಕ್ಸ್‌ನಲ್ಲೇ ದಾಟುತ್ತದೆ. ದೊಡ್ಡ ಅಂಗಳದಲ್ಲಿ ಎಲ್ ದಾಟಿ 2 ಮೀಟರಿಗೆ. ಚಿಕ್ಕದರಲ್ಲೇ ಕಲಿತವರು ದೊಡ್ಡದರಲ್ಲೂ ಎಕ್ಸ್‌ವರೆಗೆ ಹೋಗಿ ಸುತ್ತನ್ನು ಕೋಳಿಮೊಟ್ಟೆ ಮಾಡಿಡುತ್ತಾರೆ. ಸುತ್ತಿನಲ್ಲಿ ಮೂಲೆಗೆ ಹೋಗುವಂತಿಲ್ಲ, ನೇರ ಗೆರೆಯೂ ಇಲ್ಲ. ನಡುವೆ ಒಂದು ಗೂಟ ಹೊಡೆದು 10 ಮೀಟರು ಹಗ್ಗ ಕಟ್ಟಿ ಸುಣ್ಣದಲ್ಲಿ ಒಮ್ಮೆ ಗೆರೆ ಎಳೆಯಿರಿ. ನಿಮ್ಮ ಸುತ್ತು ಅಲ್ಲಿಯವರೆಗೆ ಎಷ್ಟು ಸಣ್ಣದಿತ್ತು ಎಂದು ಗೊತ್ತಾಗುತ್ತದೆ.

ಮೂರನೆಯದು ಮೂಲೆಗಳು. ಹತ್ತಾರು ಸಲ ಬರುತ್ತವೆ, ಒಂದೊಂದೂ ಮುಂದಿನ ಚಲನೆಗೆ ತಯಾರಿ. ಕತ್ತರಿಸಿದರೆ ಕರ್ಣಕ್ಕೆ ತಿರುಗುವುದು ತಡ, ಕ್ಯಾಂಟರ್ ಏಳುವುದು ತಪ್ಪು ಕಾಲಿಗೆ.

ನಾಲ್ಕನೆಯದು ಉದ್ದ ಲಗಾಮಿನ ಫ್ರೀ ವಾಕ್. ಎಷ್ಟೋ ಟೆಸ್ಟ್‌ಗಳಲ್ಲಿ ಇದರ ಅಂಕ ಇಮ್ಮಡಿ. ಕುದುರೆ ಕುತ್ತಿಗೆ ಮುಂದೆ-ಕೆಳಗೆ ಚಾಚಿ, ಹಿಂಗಾಲು ಮುಂಗಾಲಿನ ಹೆಜ್ಜೆ ಗುರುತು ದಾಟಿ ಬೀಳಬೇಕು. ಹೊಸಬರು ಇದನ್ನು ಸುಧಾರಿಸಿಕೊಳ್ಳುವ ಹೊತ್ತು ಎಂದುಕೊಂಡು ಸುಮ್ಮನೆ ಕೂರುತ್ತಾರೆ. ಮತ್ತೆ ಲಗಾಮು ಹಿಡಿಯುವಾಗ ಒಮ್ಮೆಲೇ ಎಳೆದುಕೊಂಡರೆ ಕುದುರೆ ತಲೆ ಎತ್ತಿ ನಡಿಗೆ ಬಿಟ್ಟು ಸಣ್ಣ ಸಣ್ಣ ಹೆಜ್ಜೆಯಲ್ಲಿ ಓಡತೊಡಗುತ್ತದೆ. ಒಂದೊಂದೇ ಗೇಣು ಕೂಡಿಸಿಕೊಳ್ಳಿ.

ಯಾವ್ಯಾವುದಕ್ಕೆ ಸೀದಾ ಹೊರಗ ಹಾಕ್ತಾರ?

ಸವಾರ ಅಥವಾ ಕುದುರೆ ಬಿದ್ದರೆ. ಟೆಸ್ಟ್ ನಡುವೆ ಕುದುರೆಯ ನಾಲ್ಕೂ ಕಾಲು ಅಂಗಳದ ಹೊರಗೆ ಹೋದರೆ. 20 ಸೆಕೆಂಡು ಮುಂದೆ ಹೋಗಲು ಒಪ್ಪದಿದ್ದರೆ. ಕುಂಟಿದರೆ. ಬಾಯಲ್ಲಾಗಲಿ ಪಕ್ಕೆಯಲ್ಲಾಗಲಿ ರಕ್ತ ಕಂಡರೆ. ಬಾಯಿಂದ "ಚ್ಚ ಚ್ಚ" ಅನ್ನುವುದಕ್ಕೆ ಹೊರಗೆ ಹಾಕುವುದಿಲ್ಲ, ಆ ಚಲನೆಯ ಅಂಕ ಕಡಿಯುತ್ತಾರೆ. ಆ ಅಭ್ಯಾಸ ಈ ಕಡೆ ಬಹಳ ಜನಕ್ಕಿದೆ.

ಲಗಾಮು, ಜೀನು ಯಾವುದು? ಮನ್ಯಾಗಿರೋದೇ ನಡೀತದೇನು?

ಆರಂಭದ ವರ್ಗಗಳಿಗೆ ಸಾದಾ ಸ್ನ್ಯಾಫಲ್, ಅಂದರೆ ಎರಡೂ ಬದಿ ಬಳೆಯಿರುವ ಮೆದು ಲಗಾಮು. ಬಾಯೊಳಗಿನ ಕಬ್ಬಿಣ ಕುದುರೆಗೆ ಕನಿಷ್ಠ 14 ಮಿಲಿಮೀಟರು, ಪೋನಿಗೆ 10 ಮಿಲಿಮೀಟರು ದಪ್ಪ ಇರಬೇಕು. ಜಾತ್ರೆಯಲ್ಲಿ ಮಾರುವ ಮುಳ್ಳಿನ ಲಗಾಮು ತಬೇಲಾದಲ್ಲೂ ಇರಬಾರದು, ಕಾನೂನೇ ಅದನ್ನು ಬೇಡ ಅನ್ನುತ್ತದೆ. ಅದರಿಂದ ಬಾಯಿ ಗಾಯವಾಗಿ ಗಟ್ಟಿಯಾದ ಕುದುರೆಗೆ ಸ್ನ್ಯಾಫಲ್ ಹಾಕಿದ ಮೊದಲ ವಾರ ಹಿಡಿತವೇ ಸಿಗುವುದಿಲ್ಲ. ಗಾಬರಿಯಾಗದೆ ಸಣ್ಣ ಜಾಗದಲ್ಲಿ ವಾಕ್‌ನಿಂದ ಶುರು ಮಾಡಿ. ಮೂಗುಪಟ್ಟಿಯ ಕೆಳಗೆ, ಮೂಗಿನ ಎಲುಬಿನ ಮೇಲೆ, ಎರಡು ಬೆರಳು ಆರಾಮಾಗಿ ಹೋಗಬೇಕು. ಟೆಸ್ಟ್‌ನಲ್ಲಿ ಮಾರ್ಟಿಂಗೇಲ್ (ತಲೆ ಎತ್ತದಂತೆ ತಡೆಯುವ ಪಟ್ಟಿ), ಕಾಲಿಗೆ ಬ್ಯಾಂಡೇಜ್, ಬೂಟು ಇರಬಾರದು. ವಾರ್ಮ್-ಅಪ್‌ನಲ್ಲಿ ಕಟ್ಟಿದ ಬ್ಯಾಂಡೇಜ್ ಬಿಚ್ಚುವುದನ್ನು ಮರೆಯುವುದು ಮೊದಲ ಶೋದ ಖಾಯಂ ತಪ್ಪು. ಸಾಯಿಸನಿಗೆ (ಕುದುರೆ ನೋಡಿಕೊಳ್ಳುವವನಿಗೆ) ಅದೊಂದೇ ಕೆಲಸ ಎಂದು ಹೇಳಿಡಿ.

ಕೊರಳಿನ ಕವಡೆ ಸರ, ಗೆಜ್ಜೆ, ಕಾಲಿಗೆ ಕಟ್ಟಿದ ಕರಿ ದಾರ, ಬಾಲದ ಗೊಂಡೆ ಎಲ್ಲ ಮನೆಯಲ್ಲೇ ಬಿಚ್ಚಿಡಿ. ಅಲಂಕಾರಕ್ಕೆ ಅವಕಾಶವಿಲ್ಲ. ಅಯಾಲನ್ನು ಸಣ್ಣ ಸಣ್ಣ ಜಡೆ ಹೆಣೆದು ಗುಂಡಿಯಂತೆ ಹೊಲಿಯಬಹುದು. ದೃಷ್ಟಿ ತೆಗೆಯುವುದಿದ್ದರೆ ಲಾರಿ ಹತ್ತಿಸುವ ಮುಂಚೆ ತೆಗೆದುಬಿಡಿ.

ಸವಾರರಿಗೆ ಡ್ರೆಸ್ ಏನು?

ಬೆಲ್ಟ್ ಇರುವ ಹೆಲ್ಮೆಟ್ ಕಡ್ಡಾಯ. ಬಿಳಿ ಬ್ರೀಚಸ್ (ಸವಾರಿಯ ಬಿಗಿ ಪ್ಯಾಂಟು), ಗಾಢ ಬಣ್ಣದ ಕೋಟು, ಬಿಳಿ ಟೈ ಅಥವಾ ಸ್ಟಾಕ್ (ಕೊರಳಿಗೆ ಸುತ್ತುವ ಬಟ್ಟೆ), ಕೈಗವಸು, ಉದ್ದ ಬೂಟು. ಹೊಸ ಬೂಟನ್ನು ಶೋದ ದಿನವೇ ಮೊದಲ ಸಲ ಹಾಕಬೇಡಿ.

ಕಾಗದಪತ್ರ ಏನೇನು ಬೇಕು?

ರಾಷ್ಟ್ರೀಯ ಮಟ್ಟಕ್ಕೆ ಸವಾರ, ಕುದುರೆ ಇಬ್ಬರದೂ ಇಎಫ್‌ಐ ನೋಂದಣಿ. ಕುದುರೆಯ ಗುರುತು ಮತ್ತು ಲಸಿಕೆ ಬರೆದ ಪಾಸ್‌ಪೋರ್ಟ್. ಸರ್ಕಾರಿ ಪಶುವೈದ್ಯರ ಆರೋಗ್ಯ ಪ್ರಮಾಣಪತ್ರ, ಮುಖ್ಯವಾಗಿ ತೆಲಂಗಾಣ, ಮಹಾರಾಷ್ಟ್ರ ಗಡಿ ದಾಟುವಾಗ. ಎಲ್ಲಕ್ಕಿಂತ ಹೊತ್ತು ಹಿಡಿಯುವುದು ಗ್ಲಾಂಡರ್ಸ್ ರಕ್ತಪರೀಕ್ಷೆ. ಈ ರೋಗ ಮನುಷ್ಯರಿಗೂ ಅಂಟುತ್ತದೆ, ಖಚಿತವಾದರೆ ಕುದುರೆಯನ್ನು ಉಳಿಸುವುದಿಲ್ಲ. ಆದ್ದರಿಂದ ಶೋಗಳು ಇದರಲ್ಲಿ ರಿಯಾಯಿತಿ ಕೊಡುವುದಿಲ್ಲ. ಮಾದರಿ ಹೊರಗಿನ ಪ್ರಯೋಗಾಲಯಕ್ಕೆ ಹೋಗಿ ಬರಬೇಕು. ವರದಿ ಎಷ್ಟು ದಿನದೊಳಗಿನದಿರಬೇಕೆಂದು ಪ್ರಾಸ್ಪೆಕ್ಟಸ್‌ನಲ್ಲಿ ನೋಡಿ ಹಿಂದಕ್ಕೆ ಎಣಿಸಿಕೊಳ್ಳಿ. ಫ್ಲೂ ಲಸಿಕೆಯನ್ನು ಶೋಗೆ ಬರುವ ಹಿಂದಿನ ಏಳು ದಿನದೊಳಗೆ ಹಾಕಿಸಬಾರದು. ಬೀದರದವರಿಗೆ ಒಂದು ಅನುಕೂಲ: ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕಾಲೇಜು ಊರಲ್ಲೇ ಇದೆ. ಕುಂಟುವ ಕುದುರೆಯನ್ನು ಅಲ್ಲಿ ತೋರಿಸಿಕೊಂಡೇ ಪ್ರವೇಶ ಶುಲ್ಕ ಕಟ್ಟಿ.

ಗಾಡ್ಯಾಗ ಒಯ್ಯೋದು ಹ್ಯಾಂಗ?

ಛೋಟಾ ಹಾಥಿಯ ಡಬ್ಬಿ ಕುದುರೆಗೆ ಗಿಡ್ಡ. ಮೂಗಿನಿಂದ ಬಾಲದವರೆಗೆ ನಿಲ್ಲಲು ಜಾಗ ಸಾಲದೆ ಬ್ರೇಕ್ ಹಾಕಿದಾಗಲೆಲ್ಲ ಎದೆ ಬಡಿದುಕೊಳ್ಳುತ್ತದೆ. 14 ಅಡಿಯ ಲಾರಿ ತಗೊಳ್ಳಿ. ತಳಕ್ಕೆ ರಬ್ಬರ್ ಮ್ಯಾಟ್, ಮೇಲೆ ಭತ್ತದ ಹುಲ್ಲು. ತಲೆ ಎತ್ತರಕ್ಕೆ ಬಿಗಿದು ಕಟ್ಟುವುದು ದೊಡ್ಡ ತಪ್ಪು. ತಲೆ ತಗ್ಗಿಸಿ ಕೆಮ್ಮಲಾಗದಿದ್ದರೆ ಧೂಳು ಶ್ವಾಸಕೋಶದಲ್ಲೇ ಉಳಿದು ಎರಡು ದಿನದಲ್ಲಿ ಜ್ವರ ಬರುತ್ತದೆ. ನಾಲ್ಕು ತಾಸಿಗೊಮ್ಮೆ ನಿಲ್ಲಿಸಿ ನೀರು ತೋರಿಸಿ. ಬೀದರದಿಂದ ಹೈದರಾಬಾದ್ ಸುಮಾರು 140 ಕಿಲೋಮೀಟರು, ಒಂದೇ ಓಟಕ್ಕೆ ಆಗುತ್ತದೆ. ಕಲಬುರಗಿಯಿಂದ ಬೆಂಗಳೂರಿಗಾದರೆ ನಡುವೆ ಇಳಿಸಿ ಒಂದು ರಾತ್ರಿ ನಿಲ್ಲಿಸಿ, ಶೋಗೆ ಎರಡು ದಿನ ಮುಂಚೆ ತಲುಪಿ.

ಪರಊರಿನ ನೀರಿನ ರುಚಿಗೆ ಕುದುರೆ ಮೂಗು ಮುರಿಯುತ್ತದೆ, ನೀರು ಕಡಿಮೆಯಾದರೆ ಹೊಟ್ಟೆನೋವು. ಹೊರಡುವ ಒಂದು ವಾರ ಮುಂಚಿನಿಂದ ಬಕೆಟ್ಟಿಗೆ ಚಿಟಿಕೆ ಬೆಲ್ಲ ಕರಗಿಸಿ ಕುಡಿಸಿ. ಅಲ್ಲೂ ಅದೇ ಬೆಲ್ಲ ಹಾಕಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ. ನಾಲಬಂದನನ್ನು ಶೋಗೆ ಒಂದು ವಾರ-ಹತ್ತು ದಿನ ಮುಂಚೆ ಕರೆಸಿ. ಹಿಂದಿನ ದಿನ ಮೊಳೆ ಹೊಡೆಸಿ ಅದೇನಾದರೂ ಬಿಗಿಯಾದರೆ ಸರಿಮಾಡಲು ಹೊತ್ತೇ ಇರುವುದಿಲ್ಲ.

ಏನು ತಿನ್ನಿಸಬೇಕು, ಏನು ತಿನ್ನಿಸಬಾರದು?

ಮನೆಯ ಮೇವನ್ನೇ ಕಟ್ಟಿಕೊಂಡು ಹೋಗಿ. ಹೊಸ ಮೇವಿಗೆ ಹೊಂದಿಕೊಳ್ಳಲು ಏಳರಿಂದ ಹತ್ತು ದಿನ ಬೇಕು. 400 ಕಿಲೋ ತೂಕದ ಕುದುರೆಗೆ ದಿನಕ್ಕೆ 6ರಿಂದ 8 ಕಿಲೋ ಒಣಮೇವು, ಕೆಲಸಕ್ಕೆ ತಕ್ಕಷ್ಟು ಚಂದಿ, ಅಂದರೆ ಕಾಳಿನ ಮೇವು. ಚಂದಿ ಟೆಸ್ಟ್‌ಗೆ ಮೂರು-ನಾಲ್ಕು ತಾಸು ಮುಂಚೆ ಮುಗಿದಿರಲಿ. ಹುಲ್ಲು ಸ್ವಲ್ಪ ಸ್ವಲ್ಪ ಕೊಡುತ್ತಿರಬಹುದು. ಕುದುರೆ ಮಸಾಲೆ ಸೊಪ್ಪು ಒಳ್ಳೆಯದು, ಒಮ್ಮೆಲೇ ಹೊಟ್ಟೆ ತುಂಬ ಬೇಡ. ಹಸಿ ಜೋಳದ ಮೇವು ದನಕ್ಕೆ ಹಾಕಿದಂತೆ ಕುದುರೆಗೆ ಹಾಕಬೇಡಿ. ದಿನಗಟ್ಟಲೆ ತಿಂದರೆ ಮೂತ್ರದ ಹಿಡಿತ ತಪ್ಪಿ ಹಿಂಗಾಲು ತೂರಾಡುವ ರೋಗ ಬರುತ್ತದೆ, ಬಂದದ್ದು ಸುಲಭಕ್ಕೆ ಹೋಗುವುದಿಲ್ಲ.

ಡೋಪ್ ಪರೀಕ್ಷೆ ಇರುವ ಶೋಗಳಲ್ಲಿ ಮನೆಮದ್ದೇ ಹೆಚ್ಚು ಸಿಕ್ಕಿಹಾಕಿಸುತ್ತದೆ. ಮೆಣಸಿನಕಾಯಿಯ ಖಾರದ ಅಂಶವಿರುವ ನೋವಿನ ಮುಲಾಮು ನಿಷಿದ್ಧ. ಗಸಗಸೆ, ಚಹಾಪುಡಿ, ಚಾಕೊಲೇಟ್ ಕೂಡ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತವೆ. ಬ್ಯೂಟ್ ಎಂದು ಕರೆಯುವ ಫಿನೈಲ್‌ಬ್ಯುಟಜೋನ್ ಪತ್ತೆಯಾಗುವ ಅವಧಿ ಎಂದು ಎಫ್‌ಇಐ ಕೊಟ್ಟಿರುವುದು 7 ದಿನ. ಅದರ ಮೇಲೂ ಕೆಲವು ದಿನ ಬಿಟ್ಟು ಲೆಕ್ಕ ಹಾಕಿ, ಪಶುವೈದ್ಯರಿಗೆ ಶೋದ ತಾರೀಖು ಮೊದಲೇ ಹೇಳಿ.

ನಮ್ಮ ಬಿಸಿಲಾಗ ತಯಾರಿ ಹ್ಯಾಂಗ?

ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರು. ಸವಾರಿ ಬೆಳಗಿನ 7ರ ಒಳಗೆ ಮುಗಿಯಲಿ. ಇಲ್ಲಿನ ಒಣಗಾಳಿಯಲ್ಲಿ ಬೆವರು ಕಾಣುವ ಮುಂಚೆ ಆರಿಹೋಗುತ್ತದೆ, ಮೈಮೇಲೆ ಬಿಳಿ ಉಪ್ಪಿನ ಗೆರೆ ಉಳಿಯುತ್ತದೆ. ಬೆವರಿಲ್ಲ ಎಂದು ಮೋಸ ಹೋಗಬೇಡಿ. ದಿನಕ್ಕೆ 40-50 ಗ್ರಾಂ ಅಡುಗೆ ಉಪ್ಪು ಚಂದಿಯಲ್ಲಿ ಕಲಸಿ, ನೀರು ಯಾವಾಗಲೂ ಮುಂದಿರಲಿ.

ಕೆಲಸ ಮುಗಿದ ಕೂಡಲೇ ಜೀನು ಬಿಚ್ಚಿ, ನೆರಳಲ್ಲಿ ನಿಲ್ಲಿಸಿ, ಕುತ್ತಿಗೆ, ಎದೆ, ಪಕ್ಕೆ, ತೊಡೆ ಎಲ್ಲ ಕಡೆ ತಣ್ಣೀರು ಸುರಿಯಿರಿ. ನಿಲ್ಲಿಸದೆ ಸುರಿಯುತ್ತಿರಿ. ಬಿಸಿ ಮೈಗೆ ತಣ್ಣೀರು ಬಿದ್ದರೆ ಕುದುರೆ ಹಿಡಿದುಕೊಳ್ಳುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಉಸಿರು ಇಳಿಯುವವರೆಗೆ ಬಕೆಟ್ ಮೇಲೆ ಬಕೆಟ್, ನಡುವೆ ನಾಲ್ಕು ಹೆಜ್ಜೆ ನಡೆಸಿ ಮತ್ತೆ ನೀರು. ಸುಮ್ಮನೆ ನಿಂತಾಗ ಕುದುರೆಯ ಉಸಿರು ನಿಮಿಷಕ್ಕೆ 8ರಿಂದ 16, ಮೈಶಾಖ 37.5ರಿಂದ 38.5 ಡಿಗ್ರಿ. ಥರ್ಮಾಮೀಟರ್ ಕಿಟ್‌ನಲ್ಲಿ ಇಟ್ಟುಕೊಳ್ಳಿ. ಅರ್ಧ ತಾಸಿನ ನಂತರವೂ 40ರ ಮೇಲಿದ್ದರೆ ಪಶುವೈದ್ಯರನ್ನು ಕರೆಯಿರಿ.

ವಾರ್ಮ್-ಅಪ್ ಎಷ್ಟು ಹೊತ್ತು?

ತಂಪು ಹೊತ್ತಿನಲ್ಲಿ 30-40 ನಿಮಿಷ, ಬಿಸಿಲಲ್ಲಿ 20-25. ಮೊದಲ ಹತ್ತು ನಿಮಿಷ ಬರೀ ವಾಕ್. ಎದುರು ಬಂದವರಿಗೆ ಎಡಗೈಗೆ ಎಡಗೈ ಬರುವಂತೆ ದಾಟಿ. ನಡೆಸುವವರು ಅಂಚಿನ ದಾರಿ ಬಿಟ್ಟು ಒಳಗಿರಿ. ಮನೆಯಲ್ಲಿ ಬರದ್ದನ್ನು ಅಲ್ಲಿ ಕಲಿಸಲು ಹೋಗಬೇಡಿ. ಒಬ್ಬಂಟಿಯಾಗಿ ಬೆಳೆದ ಕುದುರೆಗೆ ಹತ್ತು ಅಪರಿಚಿತ ಕುದುರೆ ಒಟ್ಟಿಗೆ ಕಂಡರೆ ಅರ್ಧ ಬುದ್ಧಿ ಅಲ್ಲೇ ಹೋಗುತ್ತದೆ. ಆದ್ದರಿಂದ ಶೋಗೆ ಮುಂಚೆ ಬೇರೆಯವರ ತಬೇಲಾಕ್ಕೆ ನಾಲ್ಕೈದು ಸಲ ಒಯ್ದು ಸವಾರಿ ಮಾಡಿ ಬನ್ನಿ.

ಅಂಕಪಟ್ಟಿ ಕೈಗೆ ಬಂದ ಮೇಲೆ?

ಶೇಕಡಾವಾರು ಬಿಟ್ಟು ಟಿಪ್ಪಣಿಯ ಕಾಲಂ ಓದಿ. ಒಂದೇ ಮಾತು ಮೂರು ಕಡೆ ಬಂದಿದ್ದರೆ ಮುಂದಿನ ತಿಂಗಳ ಕೆಲಸ ಅದು. ಒಂದೇ ಕಡೆ 4 ಬಿದ್ದು ಉಳಿದದ್ದೆಲ್ಲ 6 ಇದ್ದರೆ ಅದು ಆ ದಿನದ ಅಪಘಾತ, ಬಿಡಿ. ಜಡ್ಜ್ ಕೂತಿರುವುದು ಸಿ-ಯಲ್ಲಿ, ಅವರಿಗೆ ನಡುಗೆರೆಯ ಸೊಟ್ಟ ಚೆನ್ನಾಗಿ ಕಾಣುತ್ತದೆ. ಬದಿಯಲ್ಲಿ ಕೂತವರಿಗೆ ಹೆಜ್ಜೆಯ ಉದ್ದ ಕಾಣುತ್ತದೆ. ಇಬ್ಬರು ಜಡ್ಜ್‌ಗಳ ಅಂಕ ಬೇರೆಯಾದರೆ ಯಾರು ಎಲ್ಲಿ ಕೂತಿದ್ದರು ಎಂದು ಮೊದಲು ನೋಡಿ. ಪಟ್ಟಿಯ ಫೋಟೊ ತೆಗೆದಿಟ್ಟುಕೊಳ್ಳಿ, ಮೂಲ ಪ್ರತಿ ಲಾರಿಯ ಡ್ಯಾಶ್‌ಬೋರ್ಡ್ ಮೇಲೆ ಉಳಿದು ಹೋಗುವುದೇ ಹೆಚ್ಚು.